ಮಧ್ಯಸ್ಥಾನದ ತ್ರೀ-ಬೆಟ್: ಇನ್ನೂ ಆಡದವರ ಲೆಕ್ಕ

ಟೆಕ್ಸಾಸ್ ಹೋಲ್ಡೆಮ್ ಆಟದಲ್ಲಿ ಮೇಜಿನ ಮೇಲೆ ಒಂದೂ ಎಲೆ ಬೀಳುವ ಮೊದಲೇ ಒಬ್ಬ ಆಟಗಾರ ರೈಸ್ ಮಾಡುತ್ತಾನೆ. ಅವನ ನಂತರದವನು ಎಲೆ ನೋಡಿ, ಅದರ ಮೇಲೆ ಮತ್ತೆ ರೈಸ್ ಮಾಡುತ್ತಾನೆ. ಈ ಎರಡನೆಯ ರೈಸಿಗೆ ತ್ರೀ-ಬೆಟ್ ಎಂಬ ಹೆಸರಿದೆ. ಬಿಗ್ ಬ್ಲೈಂಡ್‌ನವನು ಎಲೆ ನೋಡದೆ ಇಟ್ಟ ಮೊತ್ತವನ್ನೇ ಮೊದಲ ಬೆಟ್ ಎಂದು ಎಣಿಸುವುದು ವಾಡಿಕೆ. ಮೇಜಿನ ಮಧ್ಯಸ್ಥಾನದಲ್ಲಿ ಕೂತವನು ಯಾವ ಎಲೆಗಳೊಂದಿಗೆ ಹೀಗೆ ಮರು-ರೈಸ್ ಮಾಡಬೇಕು ಎಂಬುದು ಈ ಟಿಪ್ಪಣಿಯ ಪ್ರಶ್ನೆ.

ಉತ್ತರವಾಗಿ ಸಿಗುವ ಪಟ್ಟಿಗಳಿಗೆ ಕೊರತೆಯಿಲ್ಲ. ಆದರೆ ಆ ಪಟ್ಟಿಗಳಿಗೆ ಕೊಡುವ ಸಮರ್ಥನೆ ಸಾಮಾನ್ಯವಾಗಿ ಇಬ್ಬರ ಆಟದಿಂದ ಎರವಲು ತಂದದ್ದು. ರೈಸ್ ಮಾಡಿದವನು ಎಷ್ಟು ಸಲ ಎಲೆ ಎಸೆದು ಹಿಂದೆ ಸರಿಯುತ್ತಾನೆ, ಅದರಿಂದ ಮರು-ರೈಸ್ ಮಾಡಿದವನಿಗೆ ಎಷ್ಟು ಗಿಟ್ಟುತ್ತದೆ ಎಂಬಲ್ಲಿಗೆ ಲೆಕ್ಕ ಮುಗಿಯುತ್ತದೆ. ಮಧ್ಯಸ್ಥಾನದಲ್ಲಿ ಇನ್ನೊಂದು ಪಕ್ಷವಿದೆ, ತಮ್ಮ ಸರದಿಗಾಗಿ ಕಾದು ಕೂತವರು. ಅವರ ತಲೆ ಎಣಿಕೆ ಎರಡರಿಂದ ಆರಕ್ಕೆ ಏರಿದರೆ ಅದೇ ಎಲೆಗಳು, ಅದೇ ಎದುರಾಳಿ, ಅದೇ ಮೊತ್ತವಿದ್ದರೂ ಲಾಭದ ನಡೆ ನಷ್ಟದ ನಡೆಯಾಗಬಲ್ಲದು ಎಂಬುದನ್ನು ಇಲ್ಲಿ ಕಾಗದ-ಪೆನ್ನಿನ ಲೆಕ್ಕದಿಂದಲೇ ತೋರಿಸಲು ಯತ್ನಿಸಿದ್ದೇನೆ. ಸೂಕ್ತ ನಡೆಯನ್ನು ಲೆಕ್ಕ ಹಾಕಿಕೊಡುವ ಸಾಲ್ವರ್ ತಂತ್ರಾಂಶಗಳ ಫಲಿತಾಂಶವನ್ನು ಆಧಾರವಾಗಿ ಇಟ್ಟುಕೊಂಡಿಲ್ಲ. ಅವು ಉತ್ತರ ಕೊಡುತ್ತವೆ, ಕಾರಣ ಕೊಡುವುದಿಲ್ಲ.

ಮೇಜು ಮತ್ತು ಮೊತ್ತ

ಆರು ಕುರ್ಚಿಯ ಮೇಜಿನಿಂದ ಆರಂಭಿಸೋಣ. ಬ್ಲೈಂಡ್‌ಗಳ ನಂತರ ಮೊದಲು ಆಡುವವನು ಅಂಡರ್ ದ ಗನ್, ಆಮೇಲೆ ಹೈಜಾಕ್, ಕಟ್‌ಆಫ್, ಬಟನ್, ಕೊನೆಗೆ ಸ್ಮಾಲ್ ಬ್ಲೈಂಡ್ ಮತ್ತು ಬಿಗ್ ಬ್ಲೈಂಡ್. ಇಲ್ಲಿ ಮಧ್ಯಸ್ಥಾನವೆಂದರೆ ಹೈಜಾಕ್. ಪ್ರತಿಯೊಬ್ಬರ ಮುಂದೆಯೂ ಬಿಗ್ ಬ್ಲೈಂಡ್‌ನ 100 ಪಟ್ಟು ಚಿಪ್ಸ್ ಇದೆ ಎಂದಿಟ್ಟುಕೊಳ್ಳೋಣ. ಇನ್ನು ಮುಂದೆ ಎಲ್ಲ ಮೊತ್ತಗಳನ್ನೂ ಬಿಗ್ ಬ್ಲೈಂಡ್‌ನ ಲೆಕ್ಕದಲ್ಲೇ ಕೊಡುತ್ತೇನೆ.

ಅಂಡರ್ ದ ಗನ್ 2.5ಕ್ಕೆ ರೈಸ್ ಮಾಡಿದ. ಹೈಜಾಕ್‌ನಲ್ಲಿರುವ ನಮ್ಮ ಆಟಗಾರ ಅದನ್ನು ಮೂರು ಪಟ್ಟು ಮಾಡಿ 7.5 ಇಟ್ಟ. ಅವನು ಇಡುವ ಮೊದಲು ಪಾಟ್‌ನಲ್ಲಿ, ಅಂದರೆ ಎಲ್ಲರೂ ಇಟ್ಟ ಮೊತ್ತದ ರಾಶಿಯಲ್ಲಿ, ಇದ್ದದ್ದು ಎರಡು ಬ್ಲೈಂಡ್‌ಗಳ 1.5 ಮತ್ತು ರೈಸಿನ 2.5, ಒಟ್ಟು 4. ಅಂದರೆ 4ನ್ನು ಗೆಲ್ಲಲು 7.5ನ್ನು ಪಣಕ್ಕಿಟ್ಟಂತಾಯಿತು. ಕೈಯಲ್ಲಿರುವ ಎಲೆಗಳಿಗೆ ಬೆಲೆಯೇ ಇಲ್ಲ, ಇದು ಶುದ್ಧ ಬ್ಲಫ್ ಎಂದುಕೊಂಡರೆ, ಉಳಿದವರೆಲ್ಲರೂ ಒಟ್ಟಾಗಿ ನೂರಕ್ಕೆ 65 ಸಲ ಎಲೆ ಎಸೆದರೆ ಮಾತ್ರ ಅಸಲು ಗಿಟ್ಟುತ್ತದೆ. ‘ಎಲ್ಲರೂ’ ಎಂಬುದನ್ನು ಗಮನಿಸಬೇಕು. ರೈಸ್ ಮಾಡಿದವನೊಬ್ಬನೇ 65 ಸಲ ಎಸೆದರೆ ಸಾಲದು.

ಎರಡೆರಡು ಎಲೆಗಳ ಒಟ್ಟು ಜೋಡಣೆಗಳು 1,326. ಒಂದೇ ಅಂಕಿಯ ಜೋಡಿ, ಉದಾಹರಣೆಗೆ ಎರಡು ರಾಣಿ, 6 ರೀತಿಯಲ್ಲಿ ಬರಬಹುದು. ಒಂದೇ ಜಾತಿಯ ಎಕ್ಕ–ರಾಜ, ಅಂದರೆ ಸೂಟೆಡ್, 4 ರೀತಿ. ಬೇರೆ ಬೇರೆ ಜಾತಿಯದು, ಅಂದರೆ ಆಫ್‌ಸೂಟ್, 12 ರೀತಿ. ಎಕ್ಕ, ರಾಜ, ರಾಣಿಗಳ ಜೋಡಿ ಮತ್ತು ಎಲ್ಲ ಎಕ್ಕ–ರಾಜ ಸೇರಿದರೆ 34. ಇದನ್ನು ‘ಮೇಲುಕೈ’ ಎಂದು ಕರೆಯುತ್ತೇನೆ. ಎಂಥ ಹೆದರುಪುಕ್ಕಲನೂ ತ್ರೀ-ಬೆಟ್‌ಗೆ ಇವನ್ನು ಎಸೆಯುವುದಿಲ್ಲ. 1,326ರಲ್ಲಿ 34 ಎಂದರೆ ನೂರಕ್ಕೆ 2.6, ಕಡೆಗಣಿಸಬಹುದಾದಷ್ಟು ಚಿಕ್ಕದು ಎನಿಸುತ್ತದೆ. ಆದರೆ ನಮ್ಮ ನಂತರ ನಾಲ್ವರಿದ್ದಾರೆ. ಅವರಲ್ಲಿ ಒಬ್ಬನ ಬಳಿಯಾದರೂ ಮೇಲುಕೈ ಇರುವ ಸಂಭವ ನೂರಕ್ಕೆ ಸುಮಾರು 10. ಬಟನ್‌ನಲ್ಲಿ ಕೂತಿದ್ದರೆ ನಂತರ ಇಬ್ಬರೇ, ಆಗ 5. ಒಂಬತ್ತು ಕುರ್ಚಿಯ ಮೇಜಿನಲ್ಲಿ ಮಧ್ಯಸ್ಥಾನದ ಮೊದಲ ಕುರ್ಚಿಯಲ್ಲಿದ್ದರೆ ನಂತರ ಆರು ಜನ, ಆಗ 14ಕ್ಕೂ ಸ್ವಲ್ಪ ಮೇಲೆ. ಒಬ್ಬನ ಎಲೆಗಳು ಇನ್ನೊಬ್ಬನ ಎಲೆಗಳನ್ನು ಪ್ರಭಾವಿಸುವುದಿಲ್ಲ ಎಂಬ ಊಹೆ ಇದರಲ್ಲಿದೆ. ಅದು ಪೂರ್ತಿ ನಿಜವಲ್ಲ, ಆದರೆ ತಪ್ಪು ದಶಮಾಂಶದಲ್ಲಿ ಮಾತ್ರ.

ಸುಮ್ಮನೆ ಕಾಲ್ ಮಾಡಿದರೆ, ಅಂದರೆ ಅಷ್ಟೇ ಮೊತ್ತ ಇಟ್ಟು ಮುಂದುವರಿದರೆ, ಹೇಗೆ? ಅಲ್ಲೂ ನಂತರದವರದೇ ಕಾಟ. 2.5 ಕಾಲ್ ಮಾಡಿದ ಕೂಡಲೇ ಪಾಟ್ 6.5 ಆಗುತ್ತದೆ. ಎಲ್ಲರೂ ಬಿಟ್ಟುಕೊಟ್ಟು ಸರದಿ ಬಿಗ್ ಬ್ಲೈಂಡ್‌ಗೆ ಬಂದರೆ ಅವನು ಇನ್ನು 1.5 ಇಟ್ಟರೆ ಸಾಕು. ನೂರಕ್ಕೆ 19 ಪಾಲು ಗೆಲ್ಲುವ ಭರವಸೆಯಿದ್ದರೂ ಅವನಿಗೆ ಅದು ಒಳ್ಳೆಯ ವ್ಯಾಪಾರ. ಹಾಗಾಗಿ ಇಬ್ಬರ ಪಾಟ್ ಎಂದು ಶುರುವಾದದ್ದು ಮೂವರದಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಸ್ಕ್ವೀಝ್. ಒಂದು ರೈಸ್, ಒಂದು ಕಾಲ್ ನೋಡಿದ ಬಟನ್ ದೊಡ್ಡ ಮೊತ್ತಕ್ಕೆ ಮರು-ರೈಸ್ ಮಾಡಿದರೆ ನಮ್ಮ 2.5 ಹೋದಂತೆಯೇ. ಬಟನ್ ಮತ್ತು ಕಟ್‌ಆಫ್ ಕಾಲ್ ಮಾಡಿ ಒಳಬಂದರೂ ಫ್ಲಾಪ್‌ನ, ಅಂದರೆ ಮೇಜಿನ ಮೇಲೆ ಬೀಳುವ ಮೊದಲ ಮೂರು ಎಲೆಗಳ, ನಂತರ ಅವರು ನಮಗಿಂತ ಕೊನೆಯಲ್ಲಿ ಆಡುತ್ತಾರೆ, ಸ್ಥಾನದ ಲಾಭ ಅವರದಾಗುತ್ತದೆ. ಇದಲ್ಲದೆ ಆನ್‌ಲೈನ್ ಕ್ಯಾಶ್ ಆಟಗಳಲ್ಲಿ ಫ್ಲಾಪ್ ಬೀಳದ ಪಾಟ್‌ನಿಂದ ರೇಕ್, ಅಂದರೆ ಆಟ ನಡೆಸುವವರ ಪಾಲು, ಕತ್ತರಿಸದಿರುವುದು ಸಾಮಾನ್ಯ ನಿಯಮ. ಕಾಲ್ ಮಾಡುವವನು ಫ್ಲಾಪ್ ನೋಡಲೆಂದೇ ಕಾಲ್ ಮಾಡುತ್ತಾನೆ, ಜೊತೆಗೆ ರೇಕನ್ನೂ ತೆರುತ್ತಾನೆ. ಇವೆಲ್ಲ ಸೇರಿ ಮಧ್ಯಸ್ಥಾನದಲ್ಲಿ ಕಾಲ್ ಎಂಬ ಆಯ್ಕೆಯನ್ನು ಬಹಳ ಕಿರಿದಾಗಿಸುತ್ತವೆ. ಹೆಚ್ಚಿನ ಎಲೆಗಳ ಮಟ್ಟಿಗೆ ಇಲ್ಲಿರುವುದು ಎರಡೇ ದಾರಿ: ಮರು-ರೈಸ್, ಇಲ್ಲವೇ ಎಸೆತ. ಈ ಮಾತು ಮುಂದೆ ಬೇಕಾಗುತ್ತದೆ.

ಮೂರು ಕೈಗಳು

ಎದುರಾಳಿಗೆ ಒಂದು ರೇಂಜ್, ಅಂದರೆ ಅವನು ಆಡಬಹುದಾದ ಕೈಗಳ ಪಟ್ಟಿ, ಕೊಡದೆ ಮುಂದುವರಿಯಲಾಗದು. ಅಂಡರ್ ದ ಗನ್‌ನವನು ಆರರಿಂದ ಎಕ್ಕದವರೆಗಿನ ಜೋಡಿಗಳು, ಎಲ್ಲ ಸೂಟೆಡ್ ಎಕ್ಕಗಳು, ಒಂಬತ್ತರಿಂದ ಮೇಲಿನ ಸೂಟೆಡ್ ರಾಜಗಳು, ರಾಣಿ–ಹತ್ತು, ರಾಣಿ–ಜಾಕಿ, ಜಾಕಿ–ಹತ್ತು, ಹತ್ತು–ಒಂಬತ್ತು ಸೂಟೆಡ್, ಆಫ್‌ಸೂಟ್‌ನಲ್ಲಿ ಎಕ್ಕ–ಜಾಕಿಯಿಂದ ಮೇಲೆ ಮತ್ತು ರಾಜ–ರಾಣಿ, ಇಷ್ಟರಲ್ಲಿ ರೈಸ್ ಮಾಡುತ್ತಾನೆ ಎನ್ನೋಣ. ಒಟ್ಟು 182 ಜೋಡಣೆ, ನೂರಕ್ಕೆ ಸುಮಾರು 14. ಇದು ನನ್ನ ಊಹೆಯ ರೇಂಜ್. ಯಾರದೋ ಆಟದಿಂದ ತೆಗೆದದ್ದಲ್ಲ, ಆದರೆ ಅಸಹಜವೂ ಅಲ್ಲ.

ನಮ್ಮ ತ್ರೀ-ಬೆಟ್‌ಗೆ ಅವನು ಎಕ್ಕದ ಜೋಡಿ, ರಾಜನ ಜೋಡಿ, ಎಕ್ಕ–ರಾಜ ಇದ್ದರೆ ಫೋರ್-ಬೆಟ್, ಅಂದರೆ ಅದರ ಮೇಲೂ ಮತ್ತೊಂದು ರೈಸ್, ಮಾಡುತ್ತಾನೆ. ಎಂಟರಿಂದ ರಾಣಿಯವರೆಗಿನ ಜೋಡಿಗಳು, ಸೂಟೆಡ್ ಎಕ್ಕ–ರಾಣಿ, ಎಕ್ಕ–ಜಾಕಿ, ರಾಜ–ರಾಣಿ ಇದ್ದರೆ ಕಾಲ್ ಮಾಡುತ್ತಾನೆ. ಉಳಿದವನ್ನು ಎಸೆಯುತ್ತಾನೆ. ನಂತರದವರು ಮೇಲುಕೈ ಇದ್ದಾಗ ಮಾತ್ರ ಕಣಕ್ಕಿಳಿಯುತ್ತಾರೆ, ಇಳಿದಾಗ, ಹಾಗೆಯೇ ಎದುರಾಳಿ ಫೋರ್-ಬೆಟ್ ಮಾಡಿದಾಗ, ನಮ್ಮ 7.5 ಪೂರ್ತಿ ಹೋಯಿತೆಂದೇ ಲೆಕ್ಕ.

ಈಗ ನಮ್ಮ ಆಟಗಾರನಿಗೆ ಇಸ್ಪೀಟಿನ ಎಕ್ಕ ಮತ್ತು ಐದು ಬಂದಿವೆ. ಒಂದು ಎಕ್ಕ ನಮ್ಮ ಕೈಯಲ್ಲಿರುವುದರಿಂದ ಎದುರಾಳಿಯ ಬಳಿ ಎಕ್ಕದ ಜೋಡಿ 6 ರೀತಿಯಿಂದ 3ಕ್ಕೆ ಇಳಿಯಿತು, ಎಕ್ಕ–ರಾಜ 16ರಿಂದ 12ಕ್ಕೆ. ಬ್ಲಾಕರ್ ಎನ್ನುವುದು ಇದನ್ನೇ. ಸಾಮಾನ್ಯವಾಗಿ ಮಾತು ಇಲ್ಲಿಗೇ ನಿಲ್ಲುತ್ತದೆ. ಆದರೆ ನಮ್ಮ ಎಕ್ಕ ಎದುರಾಳಿಯ ದುರ್ಬಲ ಎಕ್ಕಗಳನ್ನೂ, ಅಂದರೆ ಅವನು ಎಸೆಯಬೇಕಿದ್ದ ಕೈಗಳನ್ನೂ, ಕಡಿಮೆ ಮಾಡುತ್ತದೆ. ಅವನ ಒಟ್ಟು 182 ಈಗ 158. ಅದರಲ್ಲಿ ಫೋರ್-ಬೆಟ್ 21, ಕಾಲ್ 40, ಎಸೆತ 97, ಅಂದರೆ ನೂರಕ್ಕೆ 61. ನಂತರದ ನಾಲ್ವರೂ ಸುಮ್ಮನಿರುವ ಸಂಭವ ನೂರಕ್ಕೆ 91.5. ಎರಡೂ ಕೂಡಿ ಬರುವುದು ನೂರಕ್ಕೆ 56 ಸಲ. ಬೇಕಿದ್ದದ್ದು 65. ಶುದ್ಧ ಬ್ಲಫ್ ಆಗಿ ಈ ಕೈ ಸೋತಿತು.

ಹಾಗಾದರೆ ಕಾಲ್ ಆದಾಗ ಎಲೆಗಳೇ ಒಂದಿಷ್ಟು ದುಡಿಯಬೇಕು. ಎದುರಾಳಿ ಕಾಲ್ ಮಾಡಿ ಉಳಿದವರು ಬಿಟ್ಟರೆ ಪಾಟ್ 16.5. ಅಂಥ ಪಾಟ್‌ನಿಂದ ಸರಾಸರಿ ಎಷ್ಟು ಪಾಲು ಬಂದರೆ ನಡೆ ಅಸಲಿಗೆ ನಿಲ್ಲುತ್ತದೆ ಎಂದು ಹಿಂದಕ್ಕೆ ಲೆಕ್ಕ ಹಾಕಿದರೆ ನೂರಕ್ಕೆ 27 ಸಿಗುತ್ತದೆ. ಆ ಕಾಲ್ ರೇಂಜಿನ ಎದುರು ಎಕ್ಕ–ಐದು ಸೂಟೆಡ್‌ಗೆ ಇರುವ ಗೆಲುವಿನ ಪಾಲು ಸುಮಾರು 35. ಜೋಡಿಗಳ ಎದುರು ಮೂರರಲ್ಲೊಂದು, ರಾಜ–ರಾಣಿಯ ಎದುರು ಅರ್ಧಕ್ಕಿಂತ ಹೆಚ್ಚು, ದೊಡ್ಡ ಎಕ್ಕಗಳ ಎದುರು ಮೂರರಲ್ಲೊಂದಕ್ಕಿಂತ ಕಡಿಮೆ. ಈ ಪಾಲೆಲ್ಲ ಕೈಗೆ ಬರುವುದಿಲ್ಲ. ನಾಲ್ಕನೆಯ ಎಲೆಯಾದ ಟರ್ನ್‌ನಲ್ಲಿ ಎದುರಾಳಿ ಒತ್ತಿದಾಗ ಬಿಟ್ಟುಕೊಡಬೇಕಾಗುತ್ತದೆ, ಕೊನೆಯ ಎಲೆಯಾದ ರಿವರ್ ನೋಡಲು ಆಗುವುದಿಲ್ಲ. 35ರಲ್ಲಿ ಐದರ ನಾಲ್ಕು ಪಾಲು ದಕ್ಕಿತೆಂದರೆ 28. ಬೇಕಿದ್ದದ್ದು 27. ನಡೆಯ ಲಾಭ ಸೊನ್ನೆಗೆ ಇಷ್ಟು ಹತ್ತಿರವಿದೆ. ಈ ಕೈಯನ್ನು ಸಾಲ್ವರ್‌ಗಳು ಒಮ್ಮೆ ಮರು-ರೈಸ್ ಮಾಡಿ ಇನ್ನೊಮ್ಮೆ ಎಸೆಯಲು ಹೇಳುವುದರಲ್ಲಿ ಏನೂ ಗೂಢವಿಲ್ಲ.

ಇದೇ ಲೆಕ್ಕವನ್ನು ಇದೇ ಎದುರಾಳಿಯ ವಿರುದ್ಧ ಕುರ್ಚಿ ಬದಲಿಸಿ ಮಾಡಿದೆ. ಬಟನ್‌ನಲ್ಲಿ, ಅಂದರೆ ನಂತರ ಇಬ್ಬರೇ ಇರುವಾಗ, ಪಾಟ್‌ನಿಂದ ಬರಬೇಕಾದ ಪಾಲು ನೂರಕ್ಕೆ 19. ನಾಲ್ವರಿದ್ದಾಗ 27. ಆರು ಜನರಿದ್ದಾಗ 36. ಎಕ್ಕ–ಐದರ ಇಡೀ ಪಾಲೇ 35, ಅದನ್ನೆಲ್ಲ ಒಂದು ಕಾಸೂ ಬಿಡದೆ ದಕ್ಕಿಸಿಕೊಂಡರೂ ಒಂಬತ್ತರ ಮೇಜಿನ ಆ ಕುರ್ಚಿಯಲ್ಲಿ ನಷ್ಟ ತಪ್ಪುವುದಿಲ್ಲ. ಒಂಬತ್ತು ಜನರ ಮೇಜಿನಲ್ಲಿ ಮೊದಲು ರೈಸ್ ಮಾಡುವವನ ರೇಂಜ್ ಇನ್ನೂ ಬಿಗಿಯಾಗಿರುತ್ತದೆ, ಆದ್ದರಿಂದ ವಾಸ್ತವ ಇದಕ್ಕಿಂತ ಕಠಿಣ. ಎದುರಾಳಿಯನ್ನು ಬದಲಿಸದೆ, ಕಾದು ಕೂತವರನ್ನಷ್ಟೇ ಹೆಚ್ಚಿಸಿದ್ದಕ್ಕೆ ಇಷ್ಟು ವ್ಯತ್ಯಾಸ.

ಎರಡನೆಯ ಕೈ ಇಸ್ಪೀಟಿನ ಏಳು–ಆರು. ನೋಡಲು ಚೆಂದ, ಸರಣಿಯೂ ಆಗಬಹುದು, ಒಂದೇ ಜಾತಿಯದೂ ಆಗಬಹುದು. ಟಿವಿಯಲ್ಲಿ ಇದರಿಂದ ಮರು-ರೈಸ್ ಮಾಡಿ ಗೆದ್ದವರನ್ನು ನೋಡಿ ಬಹಳ ಮಂದಿ ಮರುಳಾಗಿದ್ದಾರೆ. ಲೆಕ್ಕ ಬೇರೆ ಹೇಳುತ್ತದೆ. ಇದು ಯಾವ ಮೇಲುಕೈಯನ್ನೂ ತಡೆಯುವುದಿಲ್ಲ, ನಂತರದ ನಾಲ್ವರಲ್ಲಿ ಒಬ್ಬರು ಎದ್ದು ಬರುವ ಸಂಭವ 8.5ರಿಂದ 10.6ಕ್ಕೆ ಏರುತ್ತದೆ. ಎದುರಾಳಿ ಎಸೆಯುವುದು ನೂರಕ್ಕೆ 60ಕ್ಕೆ ಇಳಿಯುತ್ತದೆ. ಅಸಲಿಗೆ ನಿಲ್ಲಲು ಪಾಟ್‌ನಲ್ಲಿ ಬೇಕಾದ ಪಾಲು 38. ಕಾಲ್ ರೇಂಜಿನಲ್ಲಿ ದೊಡ್ಡ ಜೋಡಿಗಳೇ ತುಂಬಿರುವುದರಿಂದ, ಅವುಗಳ ಎದುರು ಕಾಲು ಭಾಗವನ್ನೂ ಮುಟ್ಟದ ಏಳು–ಆರಿಗೆ ಇರುವ ಪಾಲು 27ರ ಆಸುಪಾಸು. ಇದು ಅಂಚಿನ ಪ್ರಕರಣವೇ ಅಲ್ಲ, ಖಚಿತ ನಷ್ಟ.

ಮೂರನೆಯದು ಇಸ್ಪೀಟಿನ ರಾಜ–ರಾಣಿ. ಬ್ಲಾಕರ್ ಎಂದಾಗ ಎಲ್ಲರ ನಾಲಿಗೆಯ ಮೇಲೆ ಬರುವುದು ಎಕ್ಕ. ಎಣಿಸಿ ನೋಡಿದರೆ ರಾಜ–ರಾಣಿ ಇನ್ನೂ ಹೆಚ್ಚು ತಡೆಯುತ್ತದೆ: ರಾಜನ ಜೋಡಿ 3, ರಾಣಿಯ ಜೋಡಿ 3, ಎಕ್ಕ–ರಾಜ 12, ಎಕ್ಕದ ಜೋಡಿ ಮಾತ್ರ ಪೂರ್ತಿ 6. ಒಟ್ಟು ಮೇಲುಕೈ 34ರಿಂದ 24ಕ್ಕೆ ಇಳಿಯುತ್ತದೆ. ಎಕ್ಕ–ಐದು ಇದ್ದಾಗ ಅದು 27 ಇತ್ತು. ನಾಲ್ವರು ನಂತರವಿರುವಾಗ ಬೇಕಾದ ಪಾಲು 23, ಇರುವ ಪಾಲು 40ಕ್ಕೂ ಮೇಲೆ. ಆರು ಜನ ನಂತರವಿದ್ದರೂ ಬೇಕಾದದ್ದು 31, ಇನ್ನೂ ಸಾಕಷ್ಟು ಅಂತರವಿದೆ. ಎಂಟರಿಂದ ಜಾಕಿಯವರೆಗಿನ ಜೋಡಿಗಳ ಎದುರು ಇದು ಹೆಚ್ಚುಕಡಿಮೆ ಸಮಬಲದ ಕೈ ಎಂಬುದೇ ಈ ಅಂತರದ ಗುಟ್ಟು.

ಇಲ್ಲಿ ಒಂದು ಆಕ್ಷೇಪ ಬರಬಹುದು: ರಾಜ–ರಾಣಿ ಸೂಟೆಡ್ ಕಾಲ್ ಮಾಡಲೂ ಒಳ್ಳೆಯ ಕೈ ಅಲ್ಲವೇ, ಅದನ್ನು ಫೋರ್-ಬೆಟ್‌ಗೆ ಗುರಿ ಮಾಡಿ ಎಸೆಯಬೇಕಾದ ಸ್ಥಿತಿ ಏಕೆ ತಂದುಕೊಳ್ಳಬೇಕು? ಬಟನ್‌ನಲ್ಲಿ ಈ ಆಕ್ಷೇಪಕ್ಕೆ ತೂಕವಿದೆ. ಮಧ್ಯದಲ್ಲಿ ಕಡಿಮೆ, ಕಾಲ್‌ನ ತೊಂದರೆಗಳನ್ನು ಆಗಲೇ ಹೇಳಿದ್ದೇನೆ. ತ್ರೀ-ಬೆಟ್ ಮಾಡಿ ಕಟ್‌ಆಫ್ ಮತ್ತು ಬಟನ್‌ನವರನ್ನು ಹೊರಗಿಟ್ಟರೆ, ಫ್ಲಾಪ್‌ನ ನಂತರ ಕೊನೆಯಲ್ಲಿ ಆಡುವ ಹಕ್ಕು ನಮ್ಮದಾಗುತ್ತದೆ. ಹೈಜಾಕ್ ಹುಟ್ಟಿನಿಂದ ಒಳ್ಳೆಯ ಸ್ಥಾನವಲ್ಲ, ಈ 7.5ರಲ್ಲಿ ಒಂದು ಪಾಲು ಸ್ಥಾನವನ್ನು ಕೊಳ್ಳಲು ತೆತ್ತ ಬೆಲೆ.

ಬೊರೆಲ್ ಮತ್ತು ವಾನ್ ನ್ಯೂಮನ್

ಯಾವ ಕೈಯಿಂದ ಬ್ಲಫ್ ಮಾಡಬೇಕು ಎಂಬ ಪ್ರಶ್ನೆಗೆ ಗಣಿತಶಾಸ್ತ್ರದಲ್ಲಿ ಹಳೆಯ ವಂಶಾವಳಿಯಿದೆ. ಜಾನ್ ವಾನ್ ನ್ಯೂಮನ್ ಮತ್ತು ಆಸ್ಕರ್ ಮಾರ್ಗನ್‌ಸ್ಟರ್ನ್ 1944ರ ತಮ್ಮ ಆಟದ ಸಿದ್ಧಾಂತದ ಗ್ರಂಥದಲ್ಲಿ ಸರಳಗೊಳಿಸಿದ ಪೋಕರ್ ಒಂದನ್ನು ಬಿಡಿಸಿದರು. ಅಲ್ಲಿ ಬಂದ ಉತ್ತರ ಆಗ ಅಚ್ಚರಿ ಹುಟ್ಟಿಸಿತ್ತು: ಅತಿ ಬಲವಾದ ಕೈ ಮತ್ತು ಅತಿ ದುರ್ಬಲ ಕೈ ಬೆಟ್ ಮಾಡಬೇಕು, ನಡುವಿನ ಕೈ ಸುಮ್ಮನಿರಬೇಕು. ಹೆರಾಲ್ಡ್ ಕೂನ್ 1950ರಲ್ಲಿ ಕಟ್ಟಿದ ಮೂರೇ ಎಲೆಗಳ ಪೋಕರಿನಲ್ಲಿ ಇದು ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಜಾಕಿ, ರಾಣಿ, ರಾಜ ಮೂರರಲ್ಲಿ ಮೊದಲ ಆಟಗಾರ ರಾಣಿ ಹಿಡಿದಾಗ ಎಂದೂ ಬೆಟ್ ಆರಂಭಿಸುವುದಿಲ್ಲ, ಜಾಕಿ ಹಿಡಿದಾಗ ರಾಜನ ಬೆಟ್‌ಗಳ ಮೂರರಲ್ಲೊಂದು ಪ್ರಮಾಣದಲ್ಲಿ ಬ್ಲಫ್ ಮಾಡುತ್ತಾನೆ. ಆಧುನಿಕ ಪೋಕರ್ ಬೋಧನೆಯಲ್ಲಿ ‘ಪೋಲರೈಸ್ಡ್’ ರೇಂಜ್ ಎನ್ನುವುದರ ಬೇರು ಇಲ್ಲಿದೆ. ಏಳು–ಆರನ್ನು ತ್ರೀ-ಬೆಟ್ ಮಾಡಿ ಎಕ್ಕ–ರಾಣಿ ಆಫ್‌ಸೂಟನ್ನು ಕಾಲ್ ಮಾಡಿ ಎಂಬ ಸಲಹೆಯೂ ಇದೇ ಬೇರಿನದು.

ವಾನ್ ನ್ಯೂಮನ್ನನ ಮಾದರಿಯಲ್ಲಿ ಒಂದು ಸೌಲಭ್ಯವಿದೆ, ಅದನ್ನು ಎರವಲು ತಂದವರು ಮರೆಯುತ್ತಾರೆ. ಬೆಟ್ ಮಾಡದವನು ಅಷ್ಟಕ್ಕೇ ಸೋಲುವುದಿಲ್ಲ. ಅವನು ಚೆಕ್ ಮಾಡುತ್ತಾನೆ, ಎಲೆಗಳನ್ನು ತೆರೆದು ತೋರಿಸುತ್ತಾನೆ, ನಡುವಿನ ಕೈಯಿದ್ದರೆ ಎಷ್ಟೋ ಸಲ ಗೆಲ್ಲುತ್ತಾನೆ. ನಡುವಿನ ಕೈಗೆ ಸುಮ್ಮನಿದ್ದರೂ ಬೆಲೆಯಿರುವುದರಿಂದ ಅದನ್ನು ಬ್ಲಫ್‌ನಲ್ಲಿ ಹಾಳುಮಾಡಬಾರದು, ಬೆಲೆಯಿಲ್ಲದ ತಳದ ಕೈಯನ್ನೇ ಬಳಸಬೇಕು.

ಫ್ರೆಂಚ್ ಗಣಿತಜ್ಞ ಎಮಿಲ್ ಬೊರೆಲ್‌ನ ಮಾದರಿಯಲ್ಲಿ ಈ ಸೌಲಭ್ಯವಿಲ್ಲ. ಮೊದಲ ಆಟಗಾರ ಬೆಟ್ ಮಾಡಬೇಕು, ಇಲ್ಲವೇ ಎಲೆ ಎಸೆದು ಇಟ್ಟದ್ದನ್ನು ಕಳೆದುಕೊಳ್ಳಬೇಕು. ಇವೆರಡು ಮಾದರಿಗಳನ್ನು ಅಕ್ಕಪಕ್ಕ ಇಟ್ಟು ಪರಿಶೀಲಿಸಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಸಂಖ್ಯಾಶಾಸ್ತ್ರಜ್ಞ ಥಾಮಸ್ ಫರ್ಗ್ಯುಸನ್ ಮತ್ತು ಅವರ ಮಗ ಕ್ರಿಸ್; ಮಗ 2000ನೇ ಇಸವಿಯ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯ ಗೆದ್ದವನು. ಬೊರೆಲ್ ಮಾದರಿಯಲ್ಲಿ ಪಾಟ್‌ನಷ್ಟೇ ಬೆಟ್ ಆಡಿದರೆ ಉತ್ತರ ಹೀಗಿದೆ: ಎರಡನೆಯವನು ತನ್ನ ಮೇಲಿನ ಅರ್ಧ ಕೈಗಳಿಂದ ಕಾಲ್ ಮಾಡುತ್ತಾನೆ, ಮೊದಲನೆಯವನು ತಳದ ಕಾಲು ಭಾಗವನ್ನು ಬಿಟ್ಟು ಉಳಿದೆಲ್ಲದರಿಂದ ಬೆಟ್ ಮಾಡುತ್ತಾನೆ. ಅಂದರೆ ಬ್ಲಫ್‌ಗೆ ಆರಿಸುವುದು ತಳದ ಕೈಗಳನ್ನಲ್ಲ, ಎಸೆಯಬೇಕಾದವುಗಳಲ್ಲಿ ಅತ್ಯುತ್ತಮವಾದವನ್ನು. ಗಣಿತದ ದೃಷ್ಟಿಯಿಂದ ಅಷ್ಟೇ ಪ್ರಮಾಣದ ಬೇರೆ ದುರ್ಬಲ ಕೈಗಳೂ ನಡೆಯುತ್ತವೆ. ಆದರೆ ಎದುರಾಳಿ ತಪ್ಪಿ ಹೆಚ್ಚು ಕಾಲ್ ಮಾಡಿದಾಗ ಅತ್ಯುತ್ತಮವಾದವು ಕೈಹಿಡಿಯುತ್ತವೆ, ಉಳಿದವು ಹಿಡಿಯುವುದಿಲ್ಲ.

ಮಧ್ಯಸ್ಥಾನದಲ್ಲಿ ಕಾಲ್ ಬಹುತೇಕ ಮುಚ್ಚಿದ ದಾರಿ ಎಂಬುದನ್ನು ಒಪ್ಪಿದರೆ, ಅಲ್ಲಿಯ ಆಟ ಬೊರೆಲ್‌ನದು, ವಾನ್ ನ್ಯೂಮನ್‌ನದಲ್ಲ. ಮೂರು ಕೈಗಳ ಲೆಕ್ಕವೂ ಸ್ವತಂತ್ರವಾಗಿ ಇದನ್ನೇ ತೋರಿಸಿತು: ರಾಜ–ರಾಣಿ ಒಳಗೆ, ಎಕ್ಕ–ಐದು ಅಂಚಿನಲ್ಲಿ, ಏಳು–ಆರು ಹೊರಗೆ. ಮೇಲಿನಿಂದ ಕೆಳಕ್ಕೆ ಅಖಂಡವಾಗಿ ಇಳಿಯುವ, ‘ಲೀನಿಯರ್’ ಎನ್ನುವ ರೇಂಜ್ ಇಲ್ಲಿ ಸರಿ. ಬಿಗ್ ಬ್ಲೈಂಡ್‌ನಲ್ಲಿ ಕೂತವನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅವನಿಗೆ ಕಾಲ್ ಅಗ್ಗ, ಅವನ ನಂತರ ಯಾರೂ ಇಲ್ಲ. ಅಲ್ಲಿ ಪೋಲರೈಸ್ಡ್ ರೇಂಜಿಗೆ ಅರ್ಥವಿದೆ. ಎರಡೂ ಸ್ಥಾನಕ್ಕೆ ಒಂದೇ ಪಾಠ ಹೇಳುವ ಕೋಚ್‌ಗಳ ಬಗ್ಗೆ ನನಗೆ ಅನುಮಾನವಿದೆ.

ಡೇವಿಡ್ ಸ್ಕ್ಲಾನ್‌ಸ್ಕಿ 2002ರಲ್ಲಿ ಟೂರ್ನಮೆಂಟ್ ಪೋಕರ್ ಕುರಿತ ಪುಸ್ತಕದಲ್ಲಿ ‘ಗ್ಯಾಪ್’ ಎಂಬ ವಿಚಾರ ಮಂಡಿಸಿದರು. ತಾನೇ ಮೊದಲು ರೈಸ್ ಮಾಡಲು ಬೇಕಾದ ಕೈಗಿಂತ ಇನ್ನೊಬ್ಬನ ರೈಸನ್ನು ಎದುರಿಸಲು ಉತ್ತಮ ಕೈ ಬೇಕು ಎಂಬುದು ಅದರ ತಿರುಳು. ಮಾತು ಸರಿ. ಆ ಅಂತರ ಎಲ್ಲ ಕುರ್ಚಿಯಲ್ಲೂ ಒಂದೇ ಅಳತೆಯದಲ್ಲ ಎಂಬುದನ್ನಷ್ಟೇ ಸೇರಿಸಬೇಕು. ನಂತರ ಇಬ್ಬರಿದ್ದಾಗ 19, ಆರು ಜನರಿದ್ದಾಗ 36 ಎಂದು ಬಂದ ಅಂಕಿಗಳು ಆ ಅಂತರದ ಒಂದು ಅಳತೆ.

ಯಂತ್ರಗಳು ಹೇಳಿದ್ದು

ಇಬ್ಬರ ಲಿಮಿಟ್ ಹೋಲ್ಡೆಮ್ ಅನ್ನು ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಹೆಚ್ಚುಕಡಿಮೆ ಪೂರ್ತಿಯಾಗಿ ಬಿಡಿಸಿತು. ಅವರ ಪ್ರೋಗ್ರಾಂ ಹೆಸರು ಸೆಫಿಯಸ್. 2017ರ ಜನವರಿಯಲ್ಲಿ ಕಾರ್ನೆಗಿ ಮೆಲನ್‌ನ ಲಿಬ್ರಾಟಸ್, ಇಬ್ಬರ ನೋ-ಲಿಮಿಟ್ ಆಟದಲ್ಲಿ ನಾಲ್ವರು ವೃತ್ತಿಪರರನ್ನು 1,20,000 ಕೈಗಳ ಪಂದ್ಯದಲ್ಲಿ ಸೋಲಿಸಿತು. ಇವೆರಡರಲ್ಲೂ ಮಧ್ಯಸ್ಥಾನ ಎಂಬುದೇ ಇಲ್ಲ.

ನಮ್ಮ ಪ್ರಶ್ನೆಗೆ ಸಂಬಂಧಪಟ್ಟದ್ದು 2019ರ ಪ್ಲುರಿಬಸ್, ಆರು ಜನರ ಆಟ. ನೋಮ್ ಬ್ರೌನ್ ಮತ್ತು ಟುವೊಮಾಸ್ ಸ್ಯಾಂಡ್‌ಹೋಮ್ ರೂಪಿಸಿದ ಈ ಪ್ರೋಗ್ರಾಂ ತನ್ನ ಮೂಲ ತಂತ್ರವನ್ನು 64 ಕೋರ್‌ನ ಒಂದೇ ಸರ್ವರಿನಲ್ಲಿ 8 ದಿನಗಳಲ್ಲಿ, ತನ್ನೊಂದಿಗೆ ತಾನೇ ಆಡಿ ಕಲಿತಿತು. ಅದರ ಬಗೆಗಿನ ಪ್ರಬಂಧದಲ್ಲಿ ಎರಡು ಸಂಗತಿಗಳು ನನಗೆ ಮುಖ್ಯವೆನಿಸಿದವು. ಮೊದಲನೆಯದು, ರೈಸ್ ಮಾಡದೆ ಬಿಗ್ ಬ್ಲೈಂಡ್‌ನ ಮೊತ್ತಕ್ಕಷ್ಟೇ ಕಾಲ್ ಮಾಡಿ ಒಳಬರುವ ಲಿಂಪ್, ಸ್ಮಾಲ್ ಬ್ಲೈಂಡ್ ಬಿಟ್ಟು ಬೇರೆ ಯಾವ ಸ್ಥಾನದಲ್ಲೂ ಲಾಭದ್ದಲ್ಲ ಎಂದು ಅದು ಸ್ವತಃ ಕಂಡುಕೊಂಡಿತು. ನಂತರ ಆಡುವವರು ಇರುವಾಗ ಅರೆಮನಸ್ಸಿನ ಕಾಲ್ ದುಬಾರಿ ಎಂಬ ಅದೇ ತರ್ಕ. ಎರಡನೆಯದು ಸೈದ್ಧಾಂತಿಕ. ಇಬ್ಬರ ಶೂನ್ಯ-ಮೊತ್ತದ ಆಟದಲ್ಲಿ ನ್ಯಾಶ್ ಸಮತೋಲನದ, ಅಂದರೆ ಒಬ್ಬರೇ ನಡೆ ಬದಲಿಸಿ ಲಾಭ ಪಡೆಯಲಾಗದ ಸ್ಥಿತಿಯ, ತಂತ್ರ ಹಿಡಿದವನು ದೀರ್ಘಾವಧಿಯಲ್ಲಿ ಸೋಲುವುದಿಲ್ಲ ಎಂಬ ಖಾತರಿಯಿದೆ. ಮೂವರು ಅಥವಾ ಹೆಚ್ಚು ಜನರಾದರೆ ಆ ಖಾತರಿ ಬಿದ್ದುಹೋಗುತ್ತದೆ. ಪ್ರತಿಯೊಬ್ಬರೂ ಬೇರೆ ಬೇರೆ ಸಮತೋಲನವನ್ನು ಲೆಕ್ಕ ಹಾಕಿ ಆಡಿದರೆ, ಎಲ್ಲರೂ ಸೇರಿ ಆಡಿದ್ದು ಸಮತೋಲನವೇ ಆಗಿರಬೇಕೆಂದಿಲ್ಲ. ಸಾಲ್ವರ್ ಕೊಟ್ಟ ಬಣ್ಣದ ಚೌಕಗಳ ಚಾರ್ಟನ್ನು ದೇವರ ಮಾತಿನಂತೆ ನಂಬುವವರು, ಮಧ್ಯಸ್ಥಾನದ ಚಾರ್ಟ್‌ಗೆ ಆ ಪೂಜೆಯನ್ನು ಸ್ವಲ್ಪ ಕಡಿಮೆ ಮಾಡಬೇಕು. ಅದು ಉಳಿದ ಐವರೂ ಅದೇ ಚಾರ್ಟ್ ಆಡುತ್ತಾರೆಂಬ ಷರತ್ತಿನ ಮೇಲೆ ನಿಂತಿದೆ.

ಆ ಷರತ್ತು ಮುರಿದಾಗ ಏನಾಗುತ್ತದೆಂದು ನಮ್ಮ ಲೆಕ್ಕದಲ್ಲೇ ನೋಡಬಹುದು. ನಂತರದವರು ಮೇಲುಕೈಗಳಿಂದ ಮಾತ್ರ ಎದ್ದು ಬರುತ್ತಾರೆ ಎಂದಿದ್ದೆ. ಕಟ್‌ಆಫ್, ಬಟನ್‌ಗಳಲ್ಲಿ ಚುರುಕಾದವರು ಕೂತಿದ್ದು, ನಾಲ್ವರಲ್ಲಿ ಪ್ರತಿಯೊಬ್ಬರೂ ನೂರಕ್ಕೆ 4ರಷ್ಟು ಕೈಗಳಿಂದ ಎದ್ದು ಬಂದರೆ, ಎಲ್ಲರೂ ಸುಮ್ಮನಿರುವ ಸಂಭವ 91.5ರಿಂದ 85ಕ್ಕೆ ಇಳಿಯುತ್ತದೆ. ಎಕ್ಕ–ಐದಕ್ಕೆ ಪಾಟ್‌ನಲ್ಲಿ ಬೇಕಾದ ಪಾಲು 27ರಿಂದ 42ಕ್ಕೆ ನೆಗೆಯುತ್ತದೆ. ಎದ್ದು ಬಂದಾಗಲೆಲ್ಲ ನಮಗೆ ಸೊನ್ನೆ ಎಂಬ ನನ್ನ ಊಹೆ ಕಟುವಾದದ್ದು. ಅದನ್ನು ಸಡಿಲಿಸಿದರೆ ಈ ಅಂಕಿ ಒಂದಿಷ್ಟು ಇಳಿದೀತು. ಆದರೂ ದಿಕ್ಕು ಬದಲಾಗುವುದಿಲ್ಲ. ಆಟಗಾರರು ಎದುರಾಳಿಯ ಸ್ವಭಾವವನ್ನು ಅಳೆಯಲು ತೋರುವ ಶ್ರದ್ಧೆಯ ಅರ್ಧವನ್ನು ತಮ್ಮ ಎಡಗಡೆಯ ಇಬ್ಬರ ಮೇಲೆ ತೋರಿದರೆ ಹೆಚ್ಚು ಉಪಯೋಗ.

ಟೂರ್ನಮೆಂಟ್‌ಗಳ ಮಾತು ಬೇರೆ. ಅಲ್ಲಿ ಕಳೆದುಕೊಂಡ ಚಿಪ್ಸ್‌ಗೆ ಗೆದ್ದ ಚಿಪ್ಸ್‌ಗಿಂತ ಬೆಲೆ ಹೆಚ್ಚು, ಆದ್ದರಿಂದ ಅಂಚಿನ ಕೈಗಳು ಮೊದಲು ಉದುರುತ್ತವೆ. ಸ್ಟ್ಯಾಕ್ 25 ಬ್ಲೈಂಡ್‌ಗೆ ಇಳಿದರೆ 7.5 ಇಟ್ಟು ಹಿಂದೆ ಸರಿಯುವುದೇ ಕಷ್ಟ. ಇಲ್ಲಿಯ ಅಂಕಿಗಳನ್ನು ಅಲ್ಲಿಗೆ ಒಯ್ಯಬಾರದು.

ನಮ್ಮಲ್ಲಿ ಈ ಆಟ ನ್ಯಾಯಾಲಯಗಳ ಮುಂದೆ ಬಂದದ್ದು ಕೌಶಲ್ಯವೋ ಅದೃಷ್ಟವೋ ಎಂಬ ಪ್ರಶ್ನೆಯಾಗಿ. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ರಾಜ್ಯ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಗುಜರಾತ್ ಹೈಕೋರ್ಟ್ 2017ರಲ್ಲಿ ಪೋಕರ್ ವಿರುದ್ಧ ನಿಲುವು ತಳೆದಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲ್ಯವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವುದರಿಂದ ಆನ್‌ಲೈನ್ ಮಟ್ಟಿಗೆ ಆ ಚರ್ಚೆಯನ್ನೇ ಬದಿಗೆ ಸರಿಸಿದೆ. ನನ್ನ ಲೆಕ್ಕಕ್ಕೆ ಹಣ ಬೇಕಿಲ್ಲ, ಒಂದು ಕಟ್ಟು ಎಲೆ ಸಾಕು.

ಎಕ್ಕ–ರಾಣಿ ಆಫ್‌ಸೂಟ್ ಮತ್ತು ಹತ್ತರ ಜೋಡಿಯನ್ನು ಇಲ್ಲಿ ಪರಿಶೀಲಿಸಿಲ್ಲ. ಅವು ರಾಜ–ರಾಣಿಗೂ ಎಕ್ಕ–ಐದಕ್ಕೂ ನಡುವೆ ಬೀಳುತ್ತವೆ ಎಂಬುದು ನನ್ನ ಎಣಿಕೆ. ಸಂಭವನೀಯತೆ ಕಲಿಸುವ ಅಧ್ಯಾಪಕರಾಗಲಿ ಕಲಿಯುವ ವಿದ್ಯಾರ್ಥಿಗಳಾಗಲಿ ಮೇಲಿನ 182ರ ರೇಂಜನ್ನೇ ಇಟ್ಟುಕೊಂಡು, ಮೊದಲು ಎಕ್ಕ–ರಾಣಿಗೆ ಜೋಡಣೆಗಳನ್ನು ಎಣಿಸಿ, ನಂತರ ಇಬ್ಬರು, ನಾಲ್ವರು, ಆರು ಜನರಿಗೆ ಬೇಕಾದ ಪಾಲನ್ನು ಕಂಡುಹಿಡಿಯಲಿ. ನನ್ನ ಎಣಿಕೆ ತಪ್ಪೆಂದು ಕಂಡುಬಂದರೆ ಲೆಕ್ಕದ ಸಮೇತ ಬರೆದು ಪ್ರಕಟಿಸಲಿ.